ಒಂದೇ ಪುಸ್ತಕ ಬರೆದವರು

ಜನವರಿ 12

ಸಾಸಿವೆ,

ಈ ಹೆಸರಿನಿಂದ ಕರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ರೀತಿ ಶುರುಮಾಡಿ ನೋಡಿದೆ, ಮೂರು ಹಾಳೆ ಹರಿದೆ. ಹಾಸ್ಟೆಲಿನಲ್ಲಿ ನಿನ್ನನ್ನು ಸಾಸಿವೆ ಎಂದವಳು ನಾನು, ನನ್ನನ್ನು ಏಣಿ ಎಂದವಳು ನೀನು. ನೀನು ಇದ್ದದ್ದೇ ಇಷ್ಟು, ಆದರೆ ಬಿಸಿ ತಾಗಿದರೆ ಸಿಡಿಯುತ್ತಿದ್ದೆ, ಅದಕ್ಕೆ ಆ ಹೆಸರು. ಆಮೇಲೆ ನೀನು ಸಿಡಿಯಲೇ ಇಲ್ಲ. ಇಪ್ಪತ್ತೆರಡು ವರ್ಷ ಒಂದು ಸದ್ದೂ ಇಲ್ಲ.

ವಿಳಾಸ ಕೊಟ್ಟವರು ನಿನ್ನ ಪುಸ್ತಕ ಅಚ್ಚುಹಾಕಿದ ಮುದ್ರಕರು. ಎಂಬತ್ತು ದಾಟಿದೆ, ಕಿವಿ ಮಂದವಾಗಿದೆ. ನಿನ್ನ ಹೆಸರು ಎರಡು ಸಲ ಕೂಗಿದ ಮೇಲೆ ಮುಖ ಅರಳಿತು. "ಆ ಹುಡುಗೀನಾ? ವರ್ಷಕ್ಕೊಂದು ಕಾರ್ಡ್ ಹಾಕ್ತಾಳೆ, ಕ್ಷೇಮ ಅಂತ ಅಷ್ಟೆ. ನಿಮಗೆ ಹಾಕಲ್ವಾ?" ಅಂದರು. ಕಿವಿ ಕೇಳದವರ ಮುಂದೆ ಒಂದು ಅನುಕೂಲವಿದೆ, ಸುಮ್ಮನೆ ತುಟಿ ಆಡಿಸಿ ಎದ್ದುಬಂದೆ.

ವಿಷಯಕ್ಕೆ ಬರುತ್ತೇನೆ. ಇಲ್ಲಿನ ಸಾಹಿತ್ಯೋತ್ಸವಕ್ಕೆ ಈ ಸಲ ನನ್ನನ್ನು ಅತಿಥಿ ಕ್ಯುರೇಟರ್ ಮಾಡಿದ್ದಾರೆ. ಹೆಸರು ಕೇಳಿ ಹೆದರಬೇಡ. ವರ್ಷಕ್ಕೊಬ್ಬ ಬರಹಗಾರರನ್ನು ಕೂರಿಸಿಕೊಂಡು, ಈ ಸಲದ ಉತ್ಸವ ಯಾವ ವಿಷಯದ ಸುತ್ತ ಇರಬೇಕು, ಯಾರ್‍ಯಾರನ್ನು ಕರೆಯಬೇಕು ಎಂದು ಕೇಳುತ್ತಾರೆ, ಅಷ್ಟೆ. ಹೋದ ವರ್ಷದವರು ‘ನದಿ’ ಅಂದಿದ್ದರು, ಅದರ ಹಿಂದಿನವರು ‘ಗಡಿ’ ಅಂದಿದ್ದರು. ನಾನು ‘ಒಂದೇ ಪುಸ್ತಕ’ ಅಂದೆ.

ಉತ್ಸವದ ನಿರ್ದೇಶಕರು ಪೆನ್ನು ಕೆಳಗಿಟ್ಟರು. "ಒಂದೇ ಪುಸ್ತಕ ಅಂದ್ರೆ? ಒಂದೇ ಪುಸ್ತಕದ ಬಗ್ಗೆ ಮೂರು ದಿನ ಮಾತಾಡೋದಾ?"

"ಅಲ್ಲ. ಜೀವನದಲ್ಲಿ ಒಂದೇ ಒಂದು ಪುಸ್ತಕ ಬರೆದು ನಿಲ್ಲಿಸಿದವರು. ಅವರನ್ನೇ ಕರೆಯೋಣ."

"ನಿಲ್ಲಿಸಿದವರನ್ನ ನೋಡೋಕೆ ಜನ ಯಾಕ್ ಬರ್ತಾರೆ ಮೇಡಂ?"

ಅವರಿಗೆ ಏನೇನೋ ಹೇಳಿ ಒಪ್ಪಿಸಿದೆ. ನಿನಗೆ ಹೇಳುವುದು ಇಷ್ಟೇ: ನಿನ್ನ ಹನ್ನೊಂದು ಕತೆಗಳ ಪುಸ್ತಕ ನನ್ನ ಮೇಜಿನ ಮೇಲಿದೆ, ಬೆನ್ನು ಬಿಟ್ಟುಹೋಗಿ ಎರಡು ಸಲ ಅಂಟಿಸಿದ್ದೇನೆ. ಮೇ ಮೊದಲ ವಾರ ಉತ್ಸವ. ಎರಡನೆಯ ದಿನ ಬೆಳಿಗ್ಗೆ ಹತ್ತರಿಂದ ಹನ್ನೊಂದು ನಿನಗೆ. ಒಂದು ಕತೆ ಓದಿದರೆ ಸಾಕು. ಯಾಕೆ ನಿಲ್ಲಿಸಿದಿರಿ ಎಂದು ಯಾರೂ ಕೇಳದಂತೆ ನಾನು ನೋಡಿಕೊಳ್ಳುತ್ತೇನೆ.

ಬರುತ್ತೀಯಾ?

ಇನ್ನೂ ಅಷ್ಟೇ ಉದ್ದವಿರುವ,
ಏಣಿ


ಫೆಬ್ರವರಿ 3

ಏಣಿ,

ಪತ್ರ ಬಂತು. ಮನೆಗೆ ಹಾಕಿದ್ದರೂ ಪೋಸ್ಟಿನವರು ಕೆಲಸದ ಜಾಗಕ್ಕೇ ತಂದುಕೊಟ್ಟರು, ನಾನು ಹಗಲೆಲ್ಲ ಇಲ್ಲೇ ಇರುತ್ತೇನೆ ಎಂದು ಅವರಿಗೆ ಗೊತ್ತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆಕೋಣೆ ಇದೆ. ಹದಿನೆಂಟು ವರ್ಷದಿಂದ ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದೇನೆ. ಹರಿದ ಹೊದಿಕೆ, ದಾರ ಬಿಟ್ಟ ದಿಂಬಿನ ಚೀಲ, ಗುಂಡಿ ಕಿತ್ತ ಅಂಗಿ ಮೇಲಿನಿಂದ ಬರುತ್ತವೆ. ಹೊಲಿಯಲು ಬರುವುದನ್ನು ಹೊಲಿಯುತ್ತೇನೆ, ಬಾರದ್ದನ್ನು ಕತ್ತರಿಸಿ ನೆಲ ಒರೆಸಲು ಕೊಡುತ್ತೇನೆ. ಪಕ್ಕದಲ್ಲಿ ಇಸ್ತ್ರಿ ಮಾಡುವವಳೊಬ್ಬಳಿದ್ದಾಳೆ. ನಿನ್ನ ಲಕೋಟೆ ನೋಡಿ, "ಅಕ್ಕಾ, ನಿಮಗೆ ಕಾಗದ ಬರೆಯೋರೂ ಇದ್ದಾರಾ?" ಎಂದು ಕೇಳಿದಳು. ಕುಹಕವೇನಲ್ಲ, ನಿಜಕ್ಕೂ ಆಶ್ಚರ್ಯ ಅವಳಿಗೆ.

ನಾನು ಬರುವುದಿಲ್ಲ. ರಜೆ ಸಿಗುತ್ತದೆ, ಬಸ್ಸೂ ಇದೆ. ಆದರೂ ಬರುವುದಿಲ್ಲ.

ನಿಮ್ಮ ನಿರ್ದೇಶಕರು ಕೇಳಿದ್ದರಲ್ಲಿ ತಪ್ಪೇನಿಲ್ಲ.

ಇಂತಿ,
ನಿನಗೆ ಗೊತ್ತಿದ್ದವಳು


ಫೆಬ್ರವರಿ 14

ಸಾಸಿವೆ,

ಇಲ್ಲ ಎಂದು ಹೇಳಲಾದರೂ ಒಂದು ಪುಟ ಬರೆದೆಯಲ್ಲ. ನಾನು ಅದನ್ನೇ ಲಾಭ ಎಂದುಕೊಂಡಿದ್ದೇನೆ.

ಕಾರ್ಯಕ್ರಮದ ಕರಡು ಪಟ್ಟಿ ಜೊತೆಯಲ್ಲಿಟ್ಟಿದ್ದೇನೆ, ಸುಮ್ಮನೆ ಕಣ್ಣಾಡಿಸು. ಒಟ್ಟು ಒಂಬತ್ತು ಜನ ಸಿಕ್ಕಿದ್ದಾರೆ. ದನದ ಡಾಕ್ಟರರೊಬ್ಬರು, ತಾವು ಉಳಿಸಲಾಗದೆ ಹೋದ ಪ್ರಾಣಿಗಳ ಬಗ್ಗೆ ಮೂವತ್ತು ವರ್ಷದ ಹಿಂದೆ ಬರೆದವರು. ಫೋನಿನಲ್ಲಿ ನಲವತ್ತು ನಿಮಿಷ ಮಾತಾಡಿದರು, ಮೂವತ್ತೈದು ನಿಮಿಷ ಒಂದು ಕತ್ತೆಯ ಬಗ್ಗೆ. ಇನ್ನೊಬ್ಬಳು ಹತ್ತೊಂಬತ್ತನೆಯ ವಯಸ್ಸಿಗೆ ಕವಿತೆ ಬರೆದು ಹೆಸರಾದವಳು, ಈಗ ಡ್ರೈವಿಂಗ್ ಶಾಲೆ ನಡೆಸುತ್ತಾಳೆ. ಎರಡನೆಯದನ್ನು ಯಾಕೆ ಬರೆಯಲಿಲ್ಲ ಎಂದು ಕೇಳಿಯೇಬಿಟ್ಟೆ. "ಯಾರೂ ಕೇಳಲಿಲ್ಲ ಮೇಡಂ. ಕಾರು ಕಲಿಸಿ ಅಂತ ದಿನಾ ಕೇಳ್ತಾರೆ," ಅಂದಳು. ನನ್ನ ಎಂಟು ಕಾದಂಬರಿಗಳಲ್ಲಿ ಇಷ್ಟು ನೇರವಾದ ಮಾತು ಒಂದೂ ಇಲ್ಲ.

ದಿನವೆಲ್ಲ ಹೀಗೆ ಫೋನಿನಲ್ಲಿ ಜನರೊಂದಿಗೆ ಇರುತ್ತೇನೆ. ಇಟ್ಟಮೇಲೆ ಮನೆ ಒಮ್ಮೆಲೇ ನಿಶ್ಶಬ್ದ. ಮೂರನೆಯ ಮಹಡಿ, ಎರಡು ಕೋಣೆ, ಕಿಟಕಿಯ ಕೆಳಗೆ ಬಸ್ಸು ತಿರುಗುವ ಜಾಗ. ಬಸ್ಸಿನೊಳಗೆ ಕೂತವರು ಒಂದು ಕ್ಷಣ ನನ್ನನ್ನು ನೋಡುತ್ತಾರೆ, ನಾನು ಅವರನ್ನು ನೋಡುತ್ತೇನೆ. ಆಮೇಲೆ ಬಸ್ಸು ತಿರುಗಿಬಿಡುತ್ತದೆ.

ಪಟ್ಟಿಯ ಮೊದಲ ದಿನದ ಸಂಜೆಯದು ನನ್ನ ಆಯ್ಕೆಯಲ್ಲ, ನಿರ್ದೇಶಕರದು. ದೊಡ್ಡ ನಟಿಯೊಬ್ಬಳನ್ನು ಕರೆಸಿ ನನ್ನ ಮೂರನೆಯ ಕಾದಂಬರಿಯಿಂದ ಆ ಅಧ್ಯಾಯವನ್ನು ಓದಿಸುತ್ತಾರಂತೆ. ಜನ ಅದಕ್ಕಾದರೂ ಬರುತ್ತಾರೆ ಅನ್ನುತ್ತಾರೆ. ಬೇರೆ ಯಾರಿಂದಲೋ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಬರೆದೆ. ನಿನಗೆ ಏನಾದರೂ ಅನ್ನಿಸಿದರೆ ಹೇಳು.

ಎರಡನೆಯ ದಿನದ ಹತ್ತು ಗಂಟೆಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ.

ಕಾಯುತ್ತಿರುವ,
ಏಣಿ


ಮಾರ್ಚ್ 2

ಏಣಿ,

‘ಆ ಅಧ್ಯಾಯ’ ಎಂದು ಬರೆದಿದ್ದೀಯ. ಅಡ್ಡಗೋಡೆಯ ಮೇಲೆ ದೀಪ ಇಡುವ ಅಭ್ಯಾಸ ನಿನಗೆ ಮೊದಲಿನಿಂದಲೂ ಇದೆ. ಏನಾದರೂ ಅನ್ನಿಸಿದರೆ ಹೇಳು ಎಂದೂ ಬರೆದಿದ್ದೀಯ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿದ್ದೀಯ, ಹೇಳುತ್ತೇನೆ.

ನಿನ್ನ ಕಾದಂಬರಿಯಲ್ಲಿ ಒಬ್ಬ ತಾಯಿ. ಆರು ವರ್ಷದ ಮಗ ನಾಲ್ಕು ದಿನದ ಜ್ವರದಲ್ಲಿ ಹೋಗುತ್ತಾನೆ. ಅವನ ಹೆಸರಿನ ಕಾರ್ಡಿನಲ್ಲಿ ಗ್ರಂಥಾಲಯದಿಂದ ತಂದ ಹಡಗುಗಳ ಚಿತ್ರದ ಪುಸ್ತಕ ಮನೆಯಲ್ಲಿ ಉಳಿದುಬಿಡುತ್ತದೆ. ಹಿಂದಕ್ಕೆ ಕೊಡಲು ಅವಳಿಗೆ ಕೈ ಬರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಹೋಗಿ ಅವಧಿ ಮುಂದುವರಿಸಿಕೊಂಡು ಬರುತ್ತಾಳೆ. ಗ್ರಂಥಪಾಲಕ ಕೇಳುತ್ತಾನೆ, "ಇನ್ನೂ ಮುಗೀಲಿಲ್ವಾ ಹುಡುಗಂದು?" ಅವಳು ಹೇಳುತ್ತಾಳೆ, "ನಿಧಾನ ಓದ್ತಾನೆ."

ಜನ ಇದನ್ನು ಓದಿ ಅತ್ತರು. ನಿನಗೆ ಬಹುಮಾನ ಬಂತು. ಕಾಲೇಜಿನ ಪಠ್ಯದಲ್ಲಿ ಬಂತು. ಇಸ್ತ್ರಿಯವಳ ಮಗಳು ಪರೀಕ್ಷೆಗೆಂದು ನನ್ನ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದಿದ್ದಾಳೆ. ‘ಈ ತಾಯಿಯ ದುಃಖವನ್ನು ನಿಮ್ಮ ಮಾತಿನಲ್ಲಿ ವಿವರಿಸಿ, ಐದು ಅಂಕ.’ ಹೇಗೆ ಬರೆಯೋದು ಅತ್ತೆ ಎಂದು ನನ್ನನ್ನೇ ಕೇಳಿದಳು. ನಾನು ದಾರ ಪೋಣಿಸುತ್ತಿದ್ದೆ, ಪೋಣಿಸುತ್ತಲೇ ಇದ್ದೆ.

ಆ ತಾಯಿ ಯಾರು ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತು ಎಂದು ನೀನು ತಿಳಿದಿದ್ದೆ. ಇನ್ನೊಬ್ಬರಿಗೂ ಗೊತ್ತಾಯಿತು, ಏಣಿ. ಗ್ರಂಥಪಾಲಕರು ಪುಸ್ತಕ ಓದುವವರು, ಅದೇ ಅವರ ಕೆಲಸ. ನಿನ್ನ ಕಾದಂಬರಿ ಅವರ ಕಪಾಟಿಗೂ ಬಂತು. ಅಲ್ಲಿಯವರೆಗೆ ಸುಮಾರು ಮೂರು ವರ್ಷ ನಾನು ತಪ್ಪದೆ ಹೋಗುತ್ತಿದ್ದೆ. ಅವರು ಕನ್ನಡಕ ಏರಿಸಿ, ಮೊಹರು ಒತ್ತಿ, "ಇನ್ನೂ ಮುಗೀಲಿಲ್ವಾ?" ಅನ್ನುತ್ತಿದ್ದರು, ನಾನು ನನ್ನ ಮಾತು ಹೇಳುತ್ತಿದ್ದೆ. ಆ ದಿನ ಅವರು ಮೊಹರು ತೆಗೆಯಲಿಲ್ಲ. ಕೌಂಟರು ಬಿಟ್ಟು ಹೊರಗೆ ಬಂದರು. ಅವರು ನಿಂತಿದ್ದನ್ನು ನಾನು ನೋಡಿದ್ದೇ ಆಗ, ಒಂದು ಕಾಲು ಸ್ವಲ್ಪ ಕುಂಟು. "ನನಗೆ ಗೊತ್ತಿರಲಿಲ್ಲಮ್ಮ. ಇನ್ಮೇಲೆ ನೀವು ಬರೋದು ಬೇಡ. ಪುಸ್ತಕ ನಿಮ್ಮ ಹತ್ರಾನೇ ಇರಲಿ," ಎಂದು ಅತ್ತರು.

ಅವರದು ಒಳ್ಳೆಯ ಮನಸ್ಸು. ಆದರೆ ಊರೆಲ್ಲ ಸುತ್ತಿದರೂ ಆ ಕೌಂಟರಿನಲ್ಲಿ ಮಾತ್ರ ನನ್ನ ಮಗ ಇನ್ನೂ ಓದುತ್ತಿದ್ದ. ನಿನ್ನ ಪುಸ್ತಕ ಬಂದ ಮೇಲೆ ಅಲ್ಲೂ ಇಲ್ಲವಾದ.

ಮನೆಯಲ್ಲಿ ಅವನ ಅಪ್ಪ ಅದನ್ನು ಓದಿದರು. ನಾನು ಗ್ರಂಥಾಲಯಕ್ಕೆ ಹೋಗುತ್ತಿದ್ದದ್ದು ಅವರಿಗೂ ಗೊತ್ತಿರಲಿಲ್ಲ. "ನನಗೆ ಹೇಳದೇ ಇದ್ದದ್ದನ್ನ ಅವಳಿಗೆ ಹೇಳಿದ್ಯಾ?" ಎಂದು ಒಂದೇ ಸಲ ಕೇಳಿದರು. ಆಮೇಲೆ ಬೇರೆ ಊರಿಗೆ ವರ್ಗ ಮಾಡಿಸಿಕೊಂಡರು. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದರು.

ನಾನು ಯಾಕೆ ನಿಲ್ಲಿಸಿದೆ ಎಂದು ಯಾರೂ ಕೇಳದಂತೆ ನೋಡಿಕೊಳ್ಳುತ್ತೀಯಂತೆ. ಕೇಳಿದರೂ ನಷ್ಟವಿಲ್ಲ, ಉತ್ತರ ಸಣ್ಣದು. ಅವನ ಬಗ್ಗೆ ಒಂದಲ್ಲ ಒಂದು ದಿನ ಬರೆಯುತ್ತೇನೆ ಎಂದುಕೊಂಡಿದ್ದೆ. ಅದು ಅಷ್ಟರಲ್ಲಿ ಬರೆದಾಗಿತ್ತು. ಕೆಟ್ಟದಾಗಿ ಬರೆದಿದ್ದರೆ ನಾನು ಮತ್ತೆ ಬರೆಯಬಹುದಿತ್ತು. ನೀನು ಚೆನ್ನಾಗಿ ಬರೆದಿದ್ದೀಯ.

ಈ ಉತ್ಸವ, ಈ ವಿಷಯ, ಈ ಒಂಬತ್ತು ಜನ, ಎಲ್ಲ ನನ್ನನ್ನು ಕರೆಯಲು ಮಾಡಿದ ನೆಪ ಅನ್ನಿಸುತ್ತಿದೆ. ಬೆಟ್ಟ ಅಗೆದು ಇಲಿ ಹಿಡಿಯಲು ಹೊರಟಿದ್ದೀಯ. ಪಾಪ, ಆ ಕತ್ತೆಯ ಡಾಕ್ಟರಿಗೆ ಇದು ಗೊತ್ತೇ?

ಒಂದೇ ಒಂದು ಪ್ರಶ್ನೆ. ಅಡುಗೆಮನೆಯಲ್ಲಿ ಕೂತು ನಿನಗೆ ಹೇಳಿದೆನಲ್ಲ, ಆ ಮಧ್ಯಾಹ್ನ, ನಾನು ಹೇಳುತ್ತಿರುವಾಗಲೇ ನಿನಗೆ ಗೊತ್ತಿತ್ತಾ, ಇದನ್ನು ಬರೆಯುತ್ತೇನೆ ಎಂದು? ಅಥವಾ ಆಮೇಲೆ ಎಂದೋ, ಬರೆಯುವಾಗ ತಾನಾಗಿ ಬಂತಾ? ಆಮೇಲೆ ಬಂದಿದ್ದರೆ ಹಾಗೆ ಹೇಳು. ನಂಬುತ್ತೇನೆ.

ನಾನು


ಮಾರ್ಚ್ 10

ಪತ್ರ ತಲುಪಿದೆ. ಉತ್ತರ ಬರೆಯುತ್ತೇನೆ. ಸ್ವಲ್ಪ ದಿನ ಕೊಡು.

ಏಣಿ


ಏಪ್ರಿಲ್ 4

ಸಾಸಿವೆ,

ಆಮೇಲೆ ಬಂತು ಎಂದು ಮೂರು ಪತ್ರ ಬರೆದೆ. ಮೂರೂ ಚೆನ್ನಾಗಿದ್ದವು. ಅದಕ್ಕೇ ಹರಿದುಹಾಕಿದೆ.

ಗೊತ್ತಿತ್ತು.

ನೀನು ಅಡುಗೆಮನೆಯ ಕಟ್ಟೆಗೆ ಒರಗಿ ನೆಲದ ಮೇಲೆ ಕೂತಿದ್ದೆ. ಮೊಣಕಾಲ ಮೇಲೆ ಒಂದು ಪಾತ್ರೆ ಇತ್ತು, ಅದನ್ನು ಒರೆಸುತ್ತಲೇ ಇದ್ದೆ. ಗ್ರಂಥಪಾಲಕ ಕೇಳಿದ್ದನ್ನೂ ನೀನು ಹೇಳಿದ್ದನ್ನೂ ಹೇಳಿದೆ. ‘ನಿಧಾನ ಓದ್ತಾನೆ’, ಆ ಎರಡು ಪದ ಕಿವಿಗೆ ಬಿದ್ದ ಕೂಡಲೇ ನನ್ನೊಳಗೆ ಏನೋ ನೆಟ್ಟಗೆ ಎದ್ದು ಕೂತಿತು. ದುಃಖವೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ದುಃಖ ಬಂದದ್ದು ಎರಡನೆಯದಾಗಿ.

ನಾನು ಎದ್ದು ಬಚ್ಚಲಿಗೆ ಹೋದೆ. ನಲ್ಲಿ ಜೋರಾಗಿ ಬಿಟ್ಟೆ. ನಾನು ಅಳುತ್ತಿದ್ದೇನೆ, ಅದು ನಿನಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟಿದ್ದೇನೆ ಎಂದು ನೀನು ತಿಳಿದೆ. ನಾನು ಹೊರಗೆ ಬಂದಾಗ ನೀನು ನನ್ನ ಕೈ ಹಿಡಿದು, "ನೀನೂ ಅಳಬೇಡ ಕಣೇ," ಎಂದೆ. ನಾನು ಅತ್ತಿರಲಿಲ್ಲ. ಒಳಗೆ ನಿಂತು, ಪರ್ಸಿನಲ್ಲಿದ್ದ ಬಸ್ ಟಿಕೆಟಿನ ಹಿಂಬದಿಯಲ್ಲಿ ಆ ಎರಡು ಪದ ಬರೆದುಕೊಂಡಿದ್ದೆ, ಮರೆತುಹೋಗದಿರಲಿ ಎಂದು. ಮುಖಕ್ಕೆ ನೀರು ಹಚ್ಚಿಕೊಂಡು ಬಂದಿದ್ದೆ.

ಪುಸ್ತಕ ಬಂದಾಗ ನಿನಗೊಂದು ಪ್ರತಿ ಕಳಿಸಿದೆ, ‘ಪ್ರೀತಿಯಿಂದ’ ಎಂದು ಸಹಿ ಮಾಡಿ. ನೀನು ಉತ್ತರ ಬರೆಯದಿದ್ದಾಗ ನಿನಗೆ ಹೊಟ್ಟೆಕಿಚ್ಚು ಎಂದು ಒಂದೆರಡು ಜನರ ಹತ್ತಿರ ಹೇಳಿದ್ದೇನೆ. ಅದನ್ನೂ ಸೇರಿಸಿಕೋ.

ಗ್ರಂಥಪಾಲಕರ ವಿಷಯ ನನಗೆ ಗೊತ್ತಿರಲಿಲ್ಲ. ಹೀಗಾಗುತ್ತದೆಂದು ಮೊದಲೇ ಗೊತ್ತಿದ್ದರೆ ಬರೆಯುತ್ತಿರಲಿಲ್ಲ ಎನ್ನಲು ಪೆನ್ನು ಎತ್ತಿದೆ, ಕೆಳಗಿಟ್ಟೆ. ಆ ವಯಸ್ಸಿನ ನನ್ನನ್ನು ನಾನು ಬಲ್ಲೆ. ಅದನ್ನೂ ಬರೆದುಬಿಡುತ್ತಿದ್ದೆನೇನೋ.

ಉತ್ಸವದ ವೇದಿಕೆಯ ಮೇಲೆ ನಿಂತು ಎಲ್ಲರ ಮುಂದೆ ಇದನ್ನು ಹೇಳುತ್ತೇನೆ. ಅಷ್ಟಾದರೂ ಮಾಡಲು ಬಿಡು.

ಏಣಿ


ಏಪ್ರಿಲ್ 22

ಏಣಿ,

ನಲ್ಲಿಯ ಸದ್ದು ನನಗೆ ಚೆನ್ನಾಗಿ ನೆನಪಿದೆ. ಅವನು ಹೋದ ಮೇಲೆ ನನ್ನ ಜೊತೆ ಅತ್ತವಳು ನೀನೊಬ್ಬಳೇ ಎಂದುಕೊಂಡಿದ್ದೆ. ಬೇರೆ ಏನನ್ನು ಮರೆತರೂ ಅದೊಂದನ್ನು ಬಿಟ್ಟಿರಲಿಲ್ಲ. ಇರಲಿ. ನಾನೇ ಕೇಳಿದೆ, ನೀನು ಹೇಳಿದೆ.

ವೇದಿಕೆಯ ಮೇಲೆ ಹೇಳಬೇಡ. ಹೇಳಿದರೆ ಅದೂ ನಿನ್ನ ಇನ್ನೊಂದು ಅಧ್ಯಾಯವಾಗುತ್ತದೆ, ಮೊದಲಿನದಕ್ಕಿಂತ ಚೆನ್ನಾಗಿರುತ್ತದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ನಾನು ಮತ್ತೆ ಯಾರದೋ ಕಣ್ಣೀರಿಗೆ ಸಾಮಗ್ರಿಯಾಗುತ್ತೇನೆ. ಯಾರಿಗೂ ಹೇಳಬೇಡ. ಒಂದು ಸಲ ನಿನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ನೋಡು.

ಇಲ್ಲಿ ಬಿಸಿಲು ಹೆಚ್ಚಿದೆ. ಹೊದಿಕೆಗಳು ಬೇಗ ಒಣಗುತ್ತಿವೆ.

ನಾನು


ಮೇ 19

ಸಾಸಿವೆ,

ಉತ್ಸವ ಮುಗಿದು ಹನ್ನೆರಡು ದಿನವಾಯಿತು. ನೀನು ಕೇಳಿಲ್ಲ, ಆದರೂ ನಡೆದದ್ದನ್ನು ಬರೆಯುತ್ತೇನೆ.

ನಿನ್ನ ಪತ್ರ ಬಂದ ಮರುದಿನವೇ ನಿರ್ದೇಶಕರ ಕೋಣೆಗೆ ಹೋಗಿ, ಮೊದಲ ಸಂಜೆಯ ಓದು ಬೇಡ ಎಂದೆ. ಆಹ್ವಾನಪತ್ರಿಕೆ ಅಚ್ಚಾಗಿ ಮೇಜಿನ ಮೇಲೆ ಕಟ್ಟುಕಟ್ಟಾಗಿ ಕೂತಿತ್ತು.

"ಯಾಕೆ ಮೇಡಂ? ಕಾರಣ ಹೇಳಿ."

"ಹೇಳೋಕಾಗಲ್ಲ."

"ಪತ್ರಿಕೆಯವರು ಕೇಳ್ತಾರೆ. ಆರೋಗ್ಯ ಸರಿ ಇಲ್ಲ ಅಂದುಬಿಡೋಣ್ವಾ?"

"ನಾನು ಗಟ್ಟಿಮುಟ್ಟಾಗಿ ಮೂರು ದಿನವೂ ಓಡಾಡ್ತಾ ಇರ್ತೀನಲ್ಲ."

"ಹಾಗಾದ್ರೆ ನಾನೇನು ಹೇಳ್ಲಿ?"

"ಲೇಖಕಿಗೆ ಇಷ್ಟ ಇಲ್ಲ ಅಂತ ಹೇಳಿ."

ಅವರು ಆಹ್ವಾನಪತ್ರಿಕೆಯ ಕಟ್ಟನ್ನು ಪಕ್ಕಕ್ಕೆ ಸರಿಸಿದರು. ಮೂರು ತಿಂಗಳು ನನ್ನ ಹಠಗಳನ್ನೆಲ್ಲ ಸಹಿಸಿದ ಮನುಷ್ಯ. "ನೀವು ಹೇಳಿದ ವಿಷಯಕ್ಕೆ ಎಲ್ಲರ ಹತ್ರ ಬೈಸ್ಕೊಂಡಿದ್ದೀನಿ ಮೇಡಂ. ಇದೊಂದಾದ್ರೂ ನನಗೆ ಬಿಡಬಹುದಿತ್ತು," ಅಂದರು. ಹೇಳಿಬಿಟ್ಟರೆ ಅವರಿಗೆ ಅರ್ಥವಾಗುತ್ತಿತ್ತು, ಅಂಥ ಮನುಷ್ಯ ಅವರು. ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ನಟಿಗೆ ಸುದ್ದಿ ಸರಿಯಾಗಿ ತಲುಪಿರಲಿಲ್ಲ, ಬಂದುಬಿಟ್ಟಳು. ಸಭಾಂಗಣದ ಹಿಂದಿನ ಕೋಣೆಯಲ್ಲಿ ಕನ್ನಡಿಯ ಮುಂದೆ ಕೂತಿದ್ದಳು. ನಾನೇ ಹೋಗಿ ಹೇಳಿದೆ. ಅವಳು ಜಗಳವಾಡಲಿಲ್ಲ. "ಎರಡು ತಿಂಗಳು ಬಾಯಿಪಾಠ ಮಾಡ್ಕೊಂಡಿದ್ದೀನಿ. ಈಗ ಇದನ್ನ ಎಲ್ಲಿಡ್ಲಿ?" ಎಂದು ಕೇಳಿದಳು. ಅವಳ ಚೀಲವನ್ನು ನಾನೇ ಹಿಡಿದು ಗಾಡಿಯವರೆಗೆ ಹೋದೆ.

ಪತ್ರಿಕೆಗಳು ಬರೆದವು. ಹೆಸರು ಬಂದ ಮೇಲೆ ಬಂದ ಸೊಕ್ಕು ಎಂದು ಒಬ್ಬರು, ನಟಿಯ ಮುಂದೆ ತಾನು ಮಂಕಾಗುತ್ತೇನೆಂಬ ಭಯ ಎಂದು ಇನ್ನೊಬ್ಬರು. ಮೊದಲ ಸಂಜೆ ಮುನ್ನೂರು ಕುರ್ಚಿಗೆ ನಲವತ್ತು ಜನ. ಡ್ರೈವಿಂಗ್ ಶಾಲೆಯವಳು ಮರುದಿನ ತನ್ನ ವಿದ್ಯಾರ್ಥಿಗಳನ್ನೆಲ್ಲ ಕರೆತಂದಳು. ಅವಳು ಕವಿತೆ ಓದುವಾಗ ಅವರು ಪರೀಕ್ಷೆಗೆ ಕೂತವರ ಹಾಗೆ ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದರು. ನಿನಗೆಂದು ಇಟ್ಟಿದ್ದ ಒಂದು ಗಂಟೆಯನ್ನು ದನದ ಡಾಕ್ಟರಿಗೆ ಕೊಟ್ಟೆ. ಅವರು ಅದನ್ನು ಎರಡು ಗಂಟೆ ಮಾಡಿದರು. ಕತ್ತೆ ಕೊನೆಗೂ ಸತ್ತಾಗ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಇಡೀ ಉತ್ಸವವೇ ನೆಪ ಎಂದು ಬರೆದಿದ್ದೆಯಲ್ಲ. ನೆಪವೇ ಹೌದು. ಆದರೆ ಆ ಒಂಬತ್ತು ಜನಕ್ಕೆ ಅದು ಗೊತ್ತಿರಲಿಲ್ಲ, ಮೈಕಿನ ಮುಂದೆ ನಿಂತು ತಮ್ಮ ಪುಸ್ತಕವನ್ನು ಎಷ್ಟೋ ವರ್ಷದ ಮೇಲೆ ತೆರೆದರು. ಒಬ್ಬರ ಪುಸ್ತಕದಿಂದ ಒಣಗಿದ ಜೇಡವೊಂದು ಬಿತ್ತು, ಅವರೇ ಮೊದಲು ನಕ್ಕರು.

ಕೊನೆಯ ದಿನ ನಿರ್ದೇಶಕರು ಬೀಳ್ಕೊಡಲು ಬರಲಿಲ್ಲ. ಊಟದ ಕೋಣೆಯಲ್ಲಿ ಎಲ್ಲ ಮೇಜೂ ತುಂಬಿತ್ತು, ನನ್ನ ಮೇಜಿಗೆ ಯಾರೂ ಕೂರಲಿಲ್ಲ. ಮೊದಲಾಗಿದ್ದರೆ ಇದನ್ನು ಯಾರಿಗಾದರೂ ವಿವರಿಸಿ ಹಗುರಾಗುತ್ತಿದ್ದೆ. ಈ ಸಲ ತಟ್ಟೆಯನ್ನು ತೊಳೆಯುವ ಜಾಗದಲ್ಲಿ ಇಟ್ಟು ಬಂದೆ.

ಯಾರಿಗೂ ಹೇಳಿಲ್ಲ.

ಏಣಿ


ಜೂನ್ 27

ಏಣಿ,

ನಿನ್ನ ಪತ್ರ ಬರುವ ಮೊದಲೇ ನನಗೆ ತಿಳಿದಿತ್ತು. ಇಸ್ತ್ರಿಯವಳು ಬಟ್ಟೆ ಸುತ್ತಲು ತಂದ ಹಳೆಯ ಪತ್ರಿಕೆಯಲ್ಲಿ ನಿನ್ನ ಫೋಟೋ ಇತ್ತು. ‘ಕಾರಣ ತಿಳಿಸಲು ಲೇಖಕಿಯ ನಿರಾಕರಣೆ.’ ಆ ಸಾಲನ್ನು ಎರಡು ಸಲ ಓದಿದೆ. "ನಿಮಗೆ ಕಾಗದ ಬರೆಯೋರು ಇವರೇನಾ? ನೋಡೋಕೆ ಸಿಡುಕಿ ಥರ ಇದ್ದಾರೆ," ಎಂದಳು ಅವಳು. ಹೌದು ಅಂದೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ, ಬರಲಿಲ್ಲ. ಕ್ಷಮಿಸಿಲ್ಲ ಎಂದು ಬರೆಯಲು ನೋಡಿದೆ, ಅದೂ ಬರಲಿಲ್ಲ. ಎರಡೂ ಬಾರದಿದ್ದಾಗ ಪೆನ್ನು ಕೈಯಲ್ಲೇ ಇತ್ತು. ಆಸ್ಪತ್ರೆಯ ಹಳೆಯ ಬಟ್ಟೆಚೀಟಿಗಳು ಮೇಜಿನ ಮೇಲಿದ್ದವು. ಅವುಗಳ ಹಿಂಬದಿಯಲ್ಲಿ ಏನೋ ಬರೆಯತೊಡಗಿದೆ. ಅವನ ಬಗ್ಗೆ ಅಲ್ಲ. ಬೇರೆ ಒಂದು. ಈಗ ಹನ್ನೆರಡು ಚೀಟಿ ಆಗಿದೆ. ದಿನವೂ ಹೊಲಿಗೆ ಮುಗಿದ ಮೇಲೆ ಅರ್ಧ ಗಂಟೆ ಕೂರುತ್ತೇನೆ. ಇಸ್ತ್ರಿಯವಳು ಲೆಕ್ಕ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾಳೆ.

ಇದು ಮುಗಿದರೆ ನಿನ್ನ ಉತ್ಸವಕ್ಕೆ ನಾನು ಅನರ್ಹಳು, ಗೊತ್ತಲ್ಲ. ಎರಡು ಪುಸ್ತಕದವಳಾಗುತ್ತೇನೆ.

ಅದು ಏನು ಎಂದು ಕೇಳಬೇಡ. ಮುಗಿದ ಮೇಲೂ ನಿನಗೆ ತೋರಿಸುವುದಿಲ್ಲ. ಶಿಕ್ಷೆ ಎಂದು ತಿಳಿಯಬೇಡ, ಅಷ್ಟು ಶಕ್ತಿ ನನ್ನಲ್ಲಿಲ್ಲ. ನಿನಗೆ ಹೇಳಿದರೆ ಅದು ನನ್ನ ಕೈಯಿಂದ ಹೋದ ಹಾಗೆ ಆಗುತ್ತದೆ. ಸುಟ್ಟ ಬೆರಳು ತಾನಾಗಿ ಹಿಂದೆ ಸರಿಯುತ್ತದೆ, ಏನು ಮಾಡಲಿ.

ನೀನು ಬರೆಯುವುದಾದರೆ ಬರೆ. ಓದುತ್ತೇನೆ. ನನ್ನಿಂದ ಹವೆ, ಹೊದಿಕೆ, ಮಂಡಿನೋವು ಇಷ್ಟೇ ಬರುತ್ತದೆ. ಇಷ್ಟಕ್ಕೆ ನಿನಗೆ ಸಮಾಧಾನವಿದ್ದರೆ ಸರಿ.

ಈ ವಾರ ಯಂತ್ರದ ಪಟ್ಟಿ ಎರಡು ಸಲ ಕಡಿಯಿತು. ಗಾಳಿ ಜೋರಾಗಿದೆ.

ಸಾಸಿವೆ


ಜುಲೈ 20

ಸಾಸಿವೆ,

ಪತ್ರದ ಕೊನೆಯಲ್ಲಿ ನೀನು ಹಾಕಿದ ಹೆಸರನ್ನು ನೋಡಿ ಎದ್ದು ಒಂದು ಸುತ್ತು ನಡೆದೆ. ಎರಡು ಕೋಣೆಯಲ್ಲಿ ಎಷ್ಟು ನಡೆಯಬಹುದೋ ಅಷ್ಟು.

ಇಷ್ಟಕ್ಕೆ ಸಮಾಧಾನವಿದೆ. ಪಟ್ಟಿ ಯಾಕೆ ಕಡಿಯುತ್ತದೆ? ಎಣ್ಣೆ ಹೆಚ್ಚಾದರೂ ಹಾಗಾಗುತ್ತದಂತೆ, ಕೆಳಗಿನ ದರ್ಜಿಯನ್ನು ಕೇಳಿದೆ. ಮಂಡಿಗೆ ಬಿಸಿನೀರಿನ ಶಾಖ ಕೊಡು.

ನನ್ನ ಕಡೆಯ ಸುದ್ದಿ ಬರೆಯಲು ಕೂತರೆ, ನನ್ನದು ಎನ್ನುವ ಸುದ್ದಿ ಎಷ್ಟು ಕಡಿಮೆ ಎಂದು ತಿಳಿಯುತ್ತಿದೆ. ಮೂವತ್ತು ವರ್ಷ ಬೇರೆಯವರ ಮನೆಯ ದೀಪದಲ್ಲೇ ಓದಿದೆ. ಫೋನು ಈಗ ಅಷ್ಟಾಗಿ ಬರುವುದಿಲ್ಲ. ಮುಂದಿನ ವರ್ಷದ ಅತಿಥಿ ಕ್ಯುರೇಟರ್ ಯಾರೆಂದು ಪ್ರಕಟವಾಗಿದೆ, ವಿಷಯ ‘ನಗು’. ಹೊಸ ಕಾದಂಬರಿಗೆ ಹಾಳೆ ತಂದಿಟ್ಟಿದ್ದೇನೆ, ಇನ್ನೂ ಕಟ್ಟು ಬಿಚ್ಚಿಲ್ಲ.

ಮೊನ್ನೆ ಭಾನುವಾರ ಮಧ್ಯಾಹ್ನ ಬೀದಿಯಲ್ಲಿ ಒಬ್ಬ ಹೆಂಗಸು ನನ್ನನ್ನು ನಿಲ್ಲಿಸಿ ಕಣ್ಣಿನ ಆಸ್ಪತ್ರೆಗೆ ದಾರಿ ಕೇಳಿದಳು. ನನ್ನದೇ ವಯಸ್ಸು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮುಚ್ಚಳ ಸರಿಯಾಗಿ ಕೂರದ ಡಬ್ಬಿ. ದಾರಿ ಹೇಳಿದರೆ ಸಾಕಿತ್ತು, ನಾನು ಜೊತೆಗೇ ಹೊರಟೆ. ನನ್ನ ಮನೆ ದಾಟಿತು, ಬಸ್ಸು ತಿರುಗುವ ಜಾಗ ದಾಟಿತು, ನಾನು ನಡೆಯುತ್ತಲೇ ಇದ್ದೆ. ಮನುಷ್ಯರ ಪಕ್ಕದಲ್ಲಿ ನಡೆದು ಎಷ್ಟು ದಿನವಾಗಿತ್ತು ಎಂದರೆ, ಹೆಜ್ಜೆ ಹೊಂದಿಸಲು ಬರುತ್ತಿರಲಿಲ್ಲ, ಎರಡು ಸಲ ಅವಳ ಕೊಡೆಗೆ ತಲೆ ತಗುಲಿತು.

ಆಸ್ಪತ್ರೆಯ ಗೇಟಿನ ಹತ್ತಿರ ಅವಳು ನಿಂತಳು. ಒಳಗೆ ಹೋಗಲು ಮನಸ್ಸಿಲ್ಲದವಳ ಹಾಗೆ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಳು. "ನೀವು ಯಾರೋ ಏನೋ, ಗುರುತಿಲ್ಲ. ಅದಕ್ಕೇ ಒಂದು ಮಾತು ಹೇಳ್ಲಾ? ಮನೇಲಿ ಯಾರಿಗೂ ಹೇಳಿಲ್ಲ," ಅಂದಳು.

ಹೇಳಿ ಅಂದೆ. ಕಟ್ಟೆಯ ಮೇಲೆ ಕೂತೆವು. ಅವಳು ಹೇಳಿದಳು. ಅರ್ಧ ಗಂಟೆಯಾಗಿರಬಹುದು. ನನ್ನ ಚೀಲದಲ್ಲಿ ಪೆನ್ನಿತ್ತು. ಅದು ಇದೆ ಎಂದು ಪೂರ್ತಿ ಅರ್ಧ ಗಂಟೆಯೂ ನನಗೆ ಗೊತ್ತಿತ್ತು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಮಾತು ಮುಗಿದಾಗ ಅವಳ ಕೈ ಹಿಡಿದುಕೊಂಡೆ. ಹೆಸರು ಕೇಳಲಿಲ್ಲ. ಅವಳು ಒಳಗೆ ಹೋದಳು, ನಾನು ಹಿಂದಿರುಗಿ ನಡೆದೆ. ಮೆಟ್ಟಿಲು ಹತ್ತುವಾಗ ಮೂರು ಮಹಡಿಯುದ್ದಕ್ಕೂ ಅಳು ಬಂತು. ನಲ್ಲಿ ಬಿಡಲಿಲ್ಲ. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.

ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಇಲ್ಲೂ ಗಾಳಿ ಜೋರು. ಕಿಟಕಿಗೆ ಕಾಗದ ಮಡಚಿ ಸಿಕ್ಕಿಸಿದ್ದೇನೆ.

ಏಣಿ